ಸವೆತ ಪರೀಕ್ಷೆಯ ಅಂಕಿ ಸರಿ ಬರದಿದ್ದರೆ: ಮಾರ್ಟಿನ್‌ಡೇಲ್ ಯಂತ್ರದಲ್ಲಿ ದೋಷ ಹುಡುಕುವ ಬಗೆ

ಬಟ್ಟೆ ಎಷ್ಟು ಉಜ್ಜಿದರೆ ಹರಿಯುತ್ತದೆ ಅಂತ ಮಾರ್ಟಿನ್‌ಡೇಲ್ ಯಂತ್ರದಲ್ಲಿ ನೋಡುತ್ತೇವೆ. ಹೋದ ಸಲ 30,000 ರಬ್ (ಅಂದರೆ ಅಷ್ಟು ಸಲ ಉಜ್ಜಿದ್ದು) ತಾಳಿದ ಬಟ್ಟೆ ಈ ಸಲ 12,000ಕ್ಕೇ ತೂತಾಗಿದೆ. ಅಥವಾ ನಾಲ್ಕು ತುಂಡುಗಳಲ್ಲಿ ಮೂರು ಚೆನ್ನಾಗಿವೆ, ಒಂದು ಮಾತ್ರ ಹರಿದಿದೆ. ಅಥವಾ ನಿಮ್ಮ ಲ್ಯಾಬ್ ಪಾಸ್ ಮಾಡಿದ ಬಟ್ಟೆಯನ್ನು ಇನ್ನೊಂದು ಲ್ಯಾಬ್ ಫೇಲ್ ಮಾಡಿದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಬಟ್ಟೆ ಕಳಪೆ ಅಂತ ಬರೆದುಬಿಡುತ್ತಾರೆ, ಇಲ್ಲವೇ ಹೊಸ ತುಂಡು ಕತ್ತರಿಸಿ ಸುಮ್ನೆ ಮತ್ತೆ ಓಡಿಸುತ್ತಾರೆ. ಎರಡರಿಂದಲೂ ಕಾರಣ ತಿಳಿಯುವುದಿಲ್ಲ. ಎರಡನೇ ಸಲ ಅಂಕಿ ಚೆನ್ನಾಗಿ ಬಂದರೆ ಇನ್ನೂ ಕಷ್ಟ. ಯಾವುದನ್ನು ನಂಬುವುದು ಹೇಳಿ?

ಮೊದಲು ನೋಡಬೇಕಾದ್ದು ಸವೆದ ತುಂಡನ್ನೇ. ಕೌಂಟರ್ ತೋರಿಸುವ ಸಂಖ್ಯೆ ಎಷ್ಟು ಹೊತ್ತಿಗೆ ಹರಿಯಿತು ಅಂತ ಮಾತ್ರ ಹೇಳುತ್ತದೆ. ಎಲ್ಲಿ ಹರಿಯಿತು, ಯಾವ ಆಕಾರದಲ್ಲಿ ಸವೆಯಿತು, ಯಾವ ಎಳೆ ಮೊದಲು ತುಂಡಾಯಿತು ಅನ್ನುವುದೆಲ್ಲ ತುಂಡಿನ ಮೇಲೇ ಇರುತ್ತದೆ. ಹಾಗಾಗಿ ಅನುಮಾನ ಬಂದ ಕೂಡಲೇ ಏನನ್ನೂ ಬಿಸಾಡಬೇಡಿ. ಸವೆದ ತುಂಡು, ಅದರ ಹಿಂದಿದ್ದ ಫೋಮ್, ಕೆಳಗಿದ್ದ ಉಣ್ಣೆ ಬಟ್ಟೆ, ಮೂರನ್ನೂ ಸ್ಟೇಷನ್ (ಯಂತ್ರದಲ್ಲಿ ಒಂದೊಂದು ತುಂಡು ಓಡುವ ಜಾಗ) ನಂಬರ್ ಬರೆದು ಒಟ್ಟಿಗೆ ಕವರಿನಲ್ಲಿ ಇಡಿ. ಮುಂದಿನ ಅರ್ಧ ಕೆಲಸ ಅವುಗಳಿಂದಲೇ ಮುಗಿಯುತ್ತದೆ.

ಯಂತ್ರ ಹೇಗೆ ನಡೆಯಬೇಕು

ದೋಷ ಹುಡುಕುವ ಮೊದಲು ಸರಿಯಾದದ್ದು ಹೇಗಿರುತ್ತದೆ ಅಂತ ಗೊತ್ತಿರಬೇಕಲ್ವಾ? ಇಲ್ಲಿ ಹೇಳುತ್ತಿರುವುದು ಐಎಸ್‌ಒ 12947 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರದ ಮಾರ್ಟಿನ್‌ಡೇಲ್ ಪರೀಕ್ಷೆ. 38 ಮಿ.ಮೀ. ವ್ಯಾಸದ ಬಟ್ಟೆಯ ತುಂಡನ್ನು ಹೋಲ್ಡರಿನಲ್ಲಿ ಕೂರಿಸುತ್ತೇವೆ. ಅದರಲ್ಲಿ ಸುಮಾರು 29 ಮಿ.ಮೀ. ವ್ಯಾಸದಷ್ಟು ಭಾಗ ಮಾತ್ರ ಹೊರಗೆ ಕಾಣುತ್ತದೆ, ಉಜ್ಜುವುದು ಆ ಭಾಗಕ್ಕೆ. ಕೆಳಗೆ ಟೇಬಲಿನ ಮೇಲೆ ಮೊದಲು ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆಯ ಹಾಸು), ಅದರ ಮೇಲೆ ಒಂದು ನಿಗದಿತ ಉಣ್ಣೆ ಬಟ್ಟೆ. ಈ ಉಣ್ಣೆ ಬಟ್ಟೆಗೆ ಲ್ಯಾಬ್‌ನಲ್ಲಿ ಅಬ್ರೇಡೆಂಟ್ ಅನ್ನುತ್ತಾರೆ. ಹೋಲ್ಡರ್ ಒಂದೇ ಗೆರೆಯಲ್ಲಿ ಹೋಗಿ ಬರುವುದಿಲ್ಲ. ನೇರ ಗೆರೆಯಿಂದ ಶುರುವಾಗಿ ಮೊಟ್ಟೆಯಾಕಾರಕ್ಕೆ ತಿರುಗಿ ಮತ್ತೆ ನೇರ ಗೆರೆಗೆ ಬರುತ್ತಾ ದಿಕ್ಕು ಬದಲಿಸುತ್ತದೆ. ಇದನ್ನು ಲಿಸಾಜೂ ಆಕೃತಿ ಅನ್ನುತ್ತಾರೆ, 16 ರಬ್‌ಗೆ ಒಂದು ಆಕೃತಿ ಪೂರ್ತಿಯಾಗುತ್ತದೆ. ವೇಗ ನಿಮಿಷಕ್ಕೆ ಸುಮಾರು 47.5 ಸುತ್ತು, ಒಂದು ಸುತ್ತಿಗೆ ಒಂದು ರಬ್.

ಒತ್ತಡ ಎರಡು ಬಗೆ. ಉಡುಪಿನ ಬಟ್ಟೆಗೆ 9 ಕಿಲೋಪಾಸ್ಕಲ್. ಸೋಫಾ ಬಟ್ಟೆ, ಕೆಲಸದ ಯೂನಿಫಾರ್ಮ್, ಹಾಸಿಗೆ ಬಟ್ಟೆಗಳಿಗೆ 12. ಮೊದಲನೆಯದಕ್ಕೆ ಹೋಲ್ಡರ್, ಸ್ಪಿಂಡಲ್ (ಹೋಲ್ಡರಿನ ಮೇಲೆ ಕೂರುವ ಕಡ್ಡಿ), ತೂಕ ಎಲ್ಲ ಸೇರಿ 595 ಗ್ರಾಂ ಇರಬೇಕು, ಎರಡನೆಯದಕ್ಕೆ 795 ಗ್ರಾಂ. ಬಟ್ಟೆ ಚದರ ಮೀಟರಿಗೆ 500 ಗ್ರಾಂಗಿಂತ ಹಗುರವಾಗಿದ್ದರೆ ಹೋಲ್ಡರಿನಲ್ಲಿ ಅದರ ಹಿಂದೆ ಫೋಮ್ ಹಾಕಬೇಕು, ಅದಕ್ಕಿಂತ ಭಾರದ್ದಾದರೆ ಬೇಡ. ಕೋಣೆಯ ಹವೆ 20 ಡಿಗ್ರಿ, ತೇವಾಂಶ ಶೇ. 65. ಈ ಪ್ಯಾರಾದಲ್ಲಿ ಇರುವ ಪ್ರತಿಯೊಂದು ಸಂಖ್ಯೆಯೂ ತಪ್ಪಾಗುವುದಕ್ಕೆ ಒಂದೊಂದು ಜಾಗ.

ಮೊದಲ ಪ್ರಶ್ನೆ: ಒಂದೇ ಸ್ಟೇಷನ್ನಾ, ಎಲ್ಲವೂನಾ?

ದಾರಿ ಇಲ್ಲಿಂದ ಕವಲೊಡೆಯುತ್ತದೆ. ಒಂದೇ ಸ್ಟೇಷನ್ನಿನ ತುಂಡು ಬೇಗ ಹರಿದು ಉಳಿದವು ಒಂದೇ ಥರ ಇದ್ದರೆ ಬಟ್ಟೆಯ ಮೇಲೆ ಆಮೇಲೆ ಅನುಮಾನಪಡಿ, ಮೊದಲು ಆ ಸ್ಟೇಷನ್ ನೋಡಿ. ಎಲ್ಲ ಸ್ಟೇಷನ್ನುಗಳಲ್ಲೂ ಒಟ್ಟಿಗೆ ಅಂಕಿ ಇಳಿದಿದ್ದರೆ ಎಲ್ಲಕ್ಕೂ ಸಾಮಾನ್ಯವಾಗಿರುವುದನ್ನು ನೋಡಿ: ಅಬ್ರೇಡೆಂಟ್ ಬಂದ ರೋಲ್, ಫೋಮ್, ತೂಕ, ಹವೆ, ಕೊನೆಗೆ ಬಟ್ಟೆ.

ಒಂದೇ ಸ್ಟೇಷನ್ ಆಗಿದ್ದರೆ ಅದನ್ನು ಖಚಿತ ಮಾಡಿಕೊಳ್ಳಲು ಅದಲುಬದಲು ಮಾಡಿ. ನಡೆಯುತ್ತಿರುವ ಪರೀಕ್ಷೆಯಲ್ಲಿ ಮಾತ್ರ ಇದು ಬೇಡ. ಅಲ್ಲಿ ಪ್ರತಿ ಸಲ ನೋಡಿದ ಮೇಲೆ ಹೋಲ್ಡರನ್ನು ತನ್ನದೇ ಜಾಗಕ್ಕೆ ವಾಪಸ್ ಇಡಬೇಕು, ಬೇರೆ ಕಡೆ ಇಟ್ಟರೆ ಆ ಪರೀಕ್ಷೆಯೇ ಕೆಟ್ಟಂತೆ. ಸ್ವಭಾವ ಚೆನ್ನಾಗಿ ಗೊತ್ತಿರುವ ಒಂದು ಬಟ್ಟೆಯಿಂದ ಹೊಸ ತುಂಡುಗಳನ್ನು ಕತ್ತರಿಸಿ, ಹೊಸ ಅಬ್ರೇಡೆಂಟ್ ಹಾಕಿ, ಅನುಮಾನದ ಹೋಲ್ಡರನ್ನು ಒಳ್ಳೆಯ ಸ್ಟೇಷನ್ನಿಗೂ ಒಳ್ಳೆಯ ಹೋಲ್ಡರನ್ನು ಅನುಮಾನದ ಸ್ಟೇಷನ್ನಿಗೂ ಹಾಕಿ ಓಡಿಸಿ. ದೋಷ ಹೋಲ್ಡರ್ ಜೊತೆ ಹೋದರೆ ಹೋಲ್ಡರ್ ಕೆಟ್ಟಿದೆ. ಹಳೇ ಜಾಗದಲ್ಲೇ ಉಳಿದರೆ ಟೇಬಲ್, ಫೆಲ್ಟ್ ಅಥವಾ ಸ್ಪಿಂಡಲ್ ಕೂರುವ ಬುಶ್ ಕೆಟ್ಟಿದೆ. ಎರಡೂ ಕಡೆ ಎಲ್ಲ ಸರಿ ಇದ್ದರೆ ಆ ದಿನ ತುಂಡು ಕೂರಿಸಿದ್ದೇ ಸರಿಯಾಗಿರಲಿಲ್ಲ ಅಂತ ಅರ್ಥ, ಮತ್ತು ನನ್ನ ಪ್ರಕಾರ ಇದೇ ಜಾಸ್ತಿ ಕಾಣುವ ಕಾರಣ.

ಹೋಲ್ಡರಿನಲ್ಲಿ ಏನು ನೋಡಬೇಕು? ಬಟ್ಟೆಯ ಹಿಂದೆ ಕೂರುವ ಲೋಹದ ಬಿಲ್ಲೆಯ ಮೇಲೆ ಉಗುರಿನಿಂದ ಸವರಿ. ಒಂದು ಚಿಕ್ಕ ಕಚ್ಚು ಇದ್ದರೂ ಸಾಕು, ತೆಳು ಬಟ್ಟೆ ಅದೇ ಬಿಂದುವಿನಲ್ಲಿ ತೂತಾಗುತ್ತದೆ. ಬಿಲ್ಲೆ ಓರೆಯಾಗಿ ಕೂತಿದೆಯಾ, ರಿಂಗಿನ ತಿರುಪಿನ ಸುತ್ತುಗಳು ಸವೆದಿವೆಯಾ ನೋಡಿ. ಆಮೇಲೆ ಸ್ಪಿಂಡಲ್. ಹೋಲ್ಡರ್ ತನ್ನ ಅಕ್ಷದ ಸುತ್ತ ಸಲೀಸಾಗಿ ತಿರುಗಬೇಕು, ಬೆರಳಿನಿಂದ ಮೆಲ್ಲಗೆ ತಿರುಗಿಸಿದರೆ ಎಲ್ಲೂ ಸಿಕ್ಕಿಕೊಳ್ಳಬಾರದು. ಬುಶ್‌ನಲ್ಲಿ ನೂಲಿನ ಧೂಳು ಎಣ್ಣೆ ಜೊತೆ ಸೇರಿ ಗಟ್ಟಿಯಾಗಿದ್ದರೆ ತಿರುಗುವುದು ನಿಲ್ಲುತ್ತದೆ. ಜೊತೆಗೆ ಸ್ಪಿಂಡಲ್ ಮೇಲೆ ಕೆಳಗೆ ಆಡುವುದೂ ಕಡಿಮೆಯಾಗುತ್ತದೆ, ಆಗ ತೂಕ ಪೂರ್ತಿ ಬಟ್ಟೆಯ ಮೇಲೆ ಬೀಳುವುದೇ ಇಲ್ಲ. ಇದು ಕಣ್ಣಿಗೆ ಕಾಣದ ದೋಷ, ಕೈಗೆ ಮಾತ್ರ ಗೊತ್ತಾಗುತ್ತದೆ.

ಸವೆತದ ಆಕಾರ ಏನು ಹೇಳುತ್ತದೆ

ತುಂಡನ್ನು ಹೋಲ್ಡರಿನಿಂದ ತೆಗೆಯುವ ಮೊದಲೇ ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಆಮೇಲೆ ತೆಗೆದು ಬೆಳಕಿಗೆ ಅಡ್ಡ ಹಿಡಿದು ನೋಡಿ. ಸರಿಯಾಗಿ ನಡೆದ ಪರೀಕ್ಷೆಯಲ್ಲಿ ವೃತ್ತ ಪೂರ್ತಿ ಒಂದೇ ಥರ ತೆಳುವಾಗಿರುತ್ತದೆ, ಎಳೆ ಎಲ್ಲಿ ಬೇಕಾದರೂ ತುಂಡಾಗಿರಬಹುದು.

ಒಂದು ಬದಿಗೆ ಅರ್ಧಚಂದ್ರದ ಹಾಗೆ ಸವೆದಿದ್ದರೆ ಒತ್ತಡ ಒಂದು ಕಡೆ ಜಾಸ್ತಿ ಬಿದ್ದಿದೆ. ಸ್ಪಿಂಡಲ್ ಬಾಗಿದೆ, ಅಥವಾ ಬುಶ್ ಸಡಿಲವಾಗಿದೆ, ಅಥವಾ ಮೇಲಿನ ಪ್ಲೇಟ್ ಟೇಬಲಿಗೆ ಸಮಾನಾಂತರವಾಗಿಲ್ಲ. ಅಬ್ರೇಡೆಂಟಿನ ಮೇಲಿನ ಉಜ್ಜಿದ ಗುರುತನ್ನೂ ಪಕ್ಕದಲ್ಲಿಟ್ಟು ನೋಡಿ. ಅದೂ ಒಂದು ಬದಿಗೆ ಮಾತ್ರ ಹೊಳೆಯುತ್ತಿದ್ದರೆ ಅನುಮಾನವೇ ಬೇಡ.

ಅಂಚಿನ ಸುತ್ತ ಬಳೆಯ ಹಾಗೆ ಸವೆದು ನಡುಭಾಗ ಹೊಸದರ ಹಾಗೇ ಇದ್ದರೆ ಫೋಮ್ ಕಡೆ ನೋಡಿ. ಫೋಮ್ ಹಾಕಿಲ್ಲದಿರಬಹುದು, ಹಳೆಯದಾಗಿ ಚಪ್ಪಟೆಯಾಗಿರಬಹುದು, ವ್ಯಾಸ ಕಡಿಮೆ ಇರಬಹುದು. ಪ್ರತಿ ತುಂಡಿಗೂ ಹೊಸ ಫೋಮ್ ಹಾಕಬೇಕು. ಅದನ್ನು ಉಳಿಸಲು ಹೋಗಿ ಫಲಿತಾಂಶ ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಇನ್ನು ನಡುವೆ ಮಾತ್ರ ಸವೆದಿದ್ದರೆ ಬಟ್ಟೆ ಉಬ್ಬಿದೆ. ಹಿಗ್ಗುವ ನಿಟ್ಟೆಡ್ (ಟೀ-ಶರ್ಟಿನ ಹಾಗೆ ಹೆಣೆದ) ಬಟ್ಟೆಗಳಲ್ಲಿ ಇದು ಮಾಮೂಲು. ಕೂರಿಸುವಾಗ ಸಡಿಲ ಉಳಿದಿದ್ದರೆ ಓಡುತ್ತಾ ಓಡುತ್ತಾ ಬಟ್ಟೆ ಇನ್ನಷ್ಟು ಹಿಗ್ಗಿ ನಡುವೆ ಗುಪ್ಪೆಯಾಗುತ್ತದೆ, ಆ ಗುಪ್ಪೆಯ ತುದಿಗೇ ಎಲ್ಲ ತೂಕ ಬೀಳುತ್ತದೆ. ಫೋಮ್ ನಿಗದಿಗಿಂತ ದಪ್ಪ ಇದ್ದರೂ ಹೀಗೇ ಆಗುತ್ತದೆ. ಕೆಲವೊಮ್ಮೆ ಗುಪ್ಪೆ ಮಡಚಿಕೊಂಡು ನೇರ ಗೆರೆಯಲ್ಲಿ ಹರಿಯುತ್ತದೆ. ಆ ಗೆರೆ ಎಳೆಗಳ ಸಾಲಿಗೆ ಸಂಬಂಧವಿಲ್ಲದ ದಿಕ್ಕಿನಲ್ಲಿದ್ದರೆ ಮಡಿಕೆಯೇ ಕಾರಣ.

ಅಲ್ಲೊಂದು ಇಲ್ಲೊಂದು ತೇಪೆ ತೇಪೆಯಾಗಿ ಸವೆದಿದ್ದರೆ ಅಬ್ರೇಡೆಂಟ್ ಸಮತಟ್ಟಾಗಿ ಕೂತಿಲ್ಲ. ಅದನ್ನು ಹಾಕುವಾಗ ಯಂತ್ರದ ಜೊತೆ ಕೊಡುವ ಚಪ್ಪಟೆ ಭಾರವನ್ನು ಮೇಲಿಟ್ಟು, ಆಮೇಲೆ ರಿಂಗನ್ನು ಬಿಗಿ ಮಾಡಿ, ಕೊನೆಗೆ ಭಾರ ತೆಗೆಯಬೇಕು. ಅವಸರದಲ್ಲಿ ಭಾರ ಇಡದೆ ರಿಂಗ್ ಬಿಗಿದರೆ ಉಣ್ಣೆ ಬಟ್ಟೆಯಲ್ಲಿ ಸಣ್ಣ ಅಲೆ ಉಳಿಯುತ್ತದೆ. ಕಣ್ಣಿಗೆ ಕಾಣದಿದ್ದರೆ ಅಂಗೈಯಿಂದ ಸವರಿ ನೋಡಿ. ಕೆಳಗಿನ ಫೆಲ್ಟ್ ಸವೆದು ಗುಂಡಿ ಬಿದ್ದಿದ್ದರೂ ಇದೇ ಲಕ್ಷಣ ಬರುತ್ತದೆ. ಫೆಲ್ಟ್ ತಿಂಗಳುಗಟ್ಟಲೆ ಹಾಗೇ ಇರುತ್ತದೆ, ಯಾರೂ ಎತ್ತಿ ನೋಡುವುದಿಲ್ಲ. ಎತ್ತಿ ನೋಡಿ.

ಎಲ್ಲ ಸ್ಟೇಷನ್ನುಗಳಲ್ಲೂ ಬೇಗ ಹರಿದರೆ

ಮೊದಲು ತೂಕ. 9ರ ಜಾಗದಲ್ಲಿ 12ರ ತೂಕ ಹಾಕಿದ್ದರೆ ಒತ್ತಡ ಮೂರನೇ ಒಂದು ಭಾಗ ಜಾಸ್ತಿಯಾಗುತ್ತದೆ. ತೂಕದ ಮೇಲೆ ಬರೆದದ್ದನ್ನು ನಂಬಬೇಡಿ, ಹೋಲ್ಡರ್, ಸ್ಪಿಂಡಲ್, ತೂಕ ಮೂರನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿ. 595ಕ್ಕೂ 795ಕ್ಕೂ 7 ಗ್ರಾಂ ಆಚೀಚೆ ಇದ್ದರೆ ಪರವಾಗಿಲ್ಲ. ಬೇರೆ ಬೇರೆ ಯಂತ್ರಗಳ ಬಿಡಿಭಾಗಗಳು ಬೆರೆತುಹೋದ ಲ್ಯಾಬ್‌ನಲ್ಲಿ ಇದನ್ನು ಬಿಡಲೇಬಾರದು.

ಆಮೇಲೆ ಅಬ್ರೇಡೆಂಟ್. ಹೊಸ ರೋಲ್ ಶುರು ಮಾಡಿದ ದಿನದಿಂದಲೇ ಅಂಕಿಗಳು ಬದಲಾಗಿವೆಯಾ ಅಂತ ದಾಖಲೆ ತೆಗೆದು ನೋಡಿ. ಇದಕ್ಕೆ ಉತ್ತರ ಸಿಗಬೇಕಾದರೆ ರೋಲಿನ ಲಾಟ್ ನಂಬರನ್ನು ಪ್ರತಿ ಪರೀಕ್ಷೆಯ ಹಾಳೆಯಲ್ಲೂ ಬರೆದಿರಬೇಕು. ಬರೆಯುವ ಅಭ್ಯಾಸ ಇಲ್ಲದಿದ್ದರೆ ಇವತ್ತೇ ಶುರು ಮಾಡಿ. ಉಣ್ಣೆ ಬಟ್ಟೆ ಕೂಡ ನೇಯ್ದದ್ದೇ, ಅದರ ನೂಲು, ತೂಕ, ಒರಟುತನದಲ್ಲಿ ಲಾಟಿನಿಂದ ಲಾಟಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಪ್ರಮಾಣಪತ್ರ ಇಲ್ಲದ, ಅಗ್ಗಕ್ಕೆ ಸಿಕ್ಕಿದ ಉಣ್ಣೆ ಬಟ್ಟೆ ಬಳಸಿದರೆ ಆ ಪರೀಕ್ಷೆಯ ಅಂಕಿಯನ್ನು ಬೇರೆ ಯಾವುದರ ಜೊತೆಗೂ ಹೋಲಿಸಲು ಆಗುವುದಿಲ್ಲ.

ಹವೆಯ ವಿಚಾರ ಬಹಳ ಜನ ಹಗುರವಾಗಿ ನೋಡುತ್ತಾರೆ. ಹತ್ತಿ ಒದ್ದೆಯಾದಾಗ ಗಟ್ಟಿಯಾಗುತ್ತದೆ, ವಿಸ್ಕೋಸ್ ಒದ್ದೆಯಾದಾಗ ದುರ್ಬಲವಾಗುತ್ತದೆ. ಅಂದರೆ ಕೋಣೆಯ ತೇವಾಂಶ ಏರುಪೇರಾದರೆ ಒಂದು ಬಟ್ಟೆಯ ಅಂಕಿ ಒಂದು ಕಡೆಗೂ ಇನ್ನೊಂದರದು ಇನ್ನೊಂದು ಕಡೆಗೂ ಸರಿಯಬಹುದು. ಹತ್ತಿಯಲ್ಲೂ ವಿಸ್ಕೋಸಿನಲ್ಲೂ ಹೀಗೆ ಎದುರುಬದುರು ಬದಲಾವಣೆ ಕಂಡರೆ ತೇವಾಂಶದ ದಾಖಲೆ ನೋಡಿ. ಬಟ್ಟೆಯನ್ನು ಮಾತ್ರ ಹದಕ್ಕೆ ಬರಲು ಬಿಟ್ಟರೆ ಸಾಲದು, ಅಬ್ರೇಡೆಂಟೂ ಅದೇ ಕೋಣೆಯಲ್ಲಿ ರಾತ್ರಿಯಿಡೀ ಬಿಡಿಸಿಟ್ಟಿರಬೇಕು.

ತುಂಡು ಕತ್ತರಿಸಿದ ಜಾಗವೂ ಮುಖ್ಯ. ಅಂಚಿನಿಂದ 100 ಮಿ.ಮೀ. ಒಳಗೆ ಬಿಟ್ಟು ಕತ್ತರಿಸಬೇಕು, ಒಂದೊಂದು ತುಂಡಿನಲ್ಲೂ ಬೇರೆ ಬೇರೆ ಹಾಸು (ಉದ್ದದ), ಹೊಕ್ಕು (ಅಡ್ಡದ) ಎಳೆಗಳು ಬರುವ ಹಾಗೆ ನೋಡಿಕೊಳ್ಳಬೇಕು. ಸಾಲಾಗಿ ಒಂದೇ ಹೊಕ್ಕಿನ ಮೇಲೆ ಕತ್ತರಿಸಿದರೆ ಒಂದೇ ಕೆಟ್ಟ ನೂಲು ಎಲ್ಲ ತುಂಡುಗಳಲ್ಲೂ ಬಂದು, ಬಟ್ಟೆ ಪೂರ್ತಿ ಕೆಟ್ಟಿದೆ ಅನ್ನಿಸಿಬಿಡುತ್ತದೆ.

ಅಂಕಿ ತುಂಬಾ ಚೆನ್ನಾಗಿ ಬಂದರೆ

ಎಲ್ಲಕ್ಕಿಂತ ಅಪಾಯದ ದೋಷ ಇದು ಅಂತ ನಾನು ನಂಬುತ್ತೇನೆ. ಅಂಕಿ ಕಡಿಮೆ ಬಂದರೆ ಯಾರಾದರೂ ಜಗಳಕ್ಕೆ ಬರುತ್ತಾರೆ, ಕಾರಣ ಹುಡುಕಲೇಬೇಕಾಗುತ್ತದೆ. ಜಾಸ್ತಿ ಬಂದರೆ ಯಾರೂ ಕೇಳುವುದಿಲ್ಲ. ಬಟ್ಟೆ ಪಾಸಾಗುತ್ತದೆ, ಹೊಲಿಯುತ್ತಾರೆ, ಆಮೇಲೆ ತೊಟ್ಟವರ ಮೊಣಕೈಯಲ್ಲೋ ತೊಡೆಯ ಬಳಿಯೋ ಹರಿಯುತ್ತದೆ. ಹಾಗಾಗಿ ಮಾಮೂಲಿಗಿಂತ ಬಹಳ ಮೇಲೆ ಹೋದ ಅಂಕಿಯನ್ನೂ ಕಡಿಮೆ ಅಂಕಿಯಷ್ಟೇ ಕಟ್ಟುನಿಟ್ಟಾಗಿ ನೋಡಿ.

ಮೊದಲ ಅನುಮಾನ ಹಳೇ ಅಬ್ರೇಡೆಂಟ್ ಮೇಲೆ. ಪ್ರತಿ ಪರೀಕ್ಷೆಗೂ ಹೊಸದು ಹಾಕಬೇಕು, ಪರೀಕ್ಷೆ ಉದ್ದವಾದರೆ 50,000 ರಬ್‌ಗೆ ಒಮ್ಮೆ ಬದಲಿಸಬೇಕು. ಉಜ್ಜಿ ಉಜ್ಜಿ ಉಣ್ಣೆಯ ಮೇಲಿನ ಎಳೆಗಳು ಮಲಗಿ ನುಣುಪಾಗುತ್ತವೆ, ಆಮೇಲೆ ಅದು ಕೊರೆಯುವುದಿಲ್ಲ, ಜಾರುತ್ತದೆ. ಎರಡನೆಯದು ಮೆತ್ತಗಾಗಿಸುವ ರಾಸಾಯನಿಕ. ಬಟ್ಟೆಗೆ ಸಿಲಿಕೋನ್ ಸಾಫ್ಟನರ್ ಜಾಸ್ತಿ ಹಾಕಿದ್ದರೆ ಅದು ಅಬ್ರೇಡೆಂಟಿಗೂ ಹತ್ತುತ್ತದೆ, ಎರಡರ ನಡುವೆ ಘರ್ಷಣೆ ಇಳಿಯುತ್ತದೆ. ಪರೀಕ್ಷೆ ಸುಲಭ: ಅದೇ ಬಟ್ಟೆಯ ಒಂದು ಭಾಗವನ್ನು ಕೆಲವು ಸಲ ಒಗೆದು ಒಣಗಿಸಿ ಹದಕ್ಕೆ ತಂದು, ಒಗೆಯದ ತುಂಡುಗಳ ಪಕ್ಕದಲ್ಲೇ ಓಡಿಸಿ. ಒಗೆದದ್ದು ಬೇಗ ಹರಿದರೆ ಮೊದಲಿನ ಅಂಕಿಯಲ್ಲಿ ಸಾಫ್ಟನರಿನ ಪಾಲು ದೊಡ್ಡದಿತ್ತು. ಅದು ಯಂತ್ರದ ದೋಷವಲ್ಲ, ಆದರೆ ಬಟ್ಟೆ ಕೊಳ್ಳುವವರಿಗೆ ತಿಳಿಯಲೇಬೇಕಾದ ಸಂಗತಿ.

ಮೂರನೆಯದು ಒಳಗೆ ಸೇರಿಕೊಂಡ ಧೂಳು. ಹಿಂಜಿದ ನಾರು ಬಟ್ಟೆಗೂ ಅಬ್ರೇಡೆಂಟಿಗೂ ನಡುವೆ ಹಾಸಿಗೆಯ ಹಾಗೆ ಕೂತು ಎರಡನ್ನೂ ದೂರ ಇಡುತ್ತದೆ. ಪಾಲಿಯೆಸ್ಟರಿನಲ್ಲಿ, ಅದೂ ಕೋಣೆ ಒಣಗಿದ್ದಾಗ, ಸ್ಥಾಯಿ ವಿದ್ಯುತ್ತಿನಿಂದ ಈ ಧೂಳು ಅಲ್ಲೇ ಅಂಟಿಕೊಳ್ಳುತ್ತದೆ. ನಾಲ್ಕನೆಯದು ಆಗಲೇ ಹೇಳಿದ ಸಿಕ್ಕಿಕೊಂಡ ಸ್ಪಿಂಡಲ್. ಐದನೆಯದು ತೀರಾ ಸರಳ: ತೂಕ ಹಾಕುವುದನ್ನೇ ಮರೆತು ಹೋಲ್ಡರ್ ಮತ್ತು ಸ್ಪಿಂಡಲ್ ಮಾತ್ರ ಓಡುತ್ತಿರುವುದು, ಅಂದರೆ ಬರೀ 198 ಗ್ರಾಂ.

ಓಟದ ದಾರಿ ಸರಿ ಇದೆಯಾ

ಆಕೃತಿ ಕೆಟ್ಟಿದ್ದರೆ ಎಲ್ಲ ಸ್ಟೇಷನ್ನುಗಳಲ್ಲೂ ಸವೆತ ಒಂದೇ ದಿಕ್ಕಿಗೆ ವಾಲುತ್ತದೆ. ನೋಡುವ ವಿಧಾನ ಹಳೆಯದು, ಬಹಳ ಒಳ್ಳೆಯದು. ಟೇಬಲಿನ ಮೇಲೆ ಬಿಳಿ ಕಾಗದ ಅಂಟಿಸಿ, ಹೋಲ್ಡರಿನ ಜಾಗದಲ್ಲಿ ಬಾಲ್‌ಪೆನ್ ರೀಫಿಲ್ ಕೂರಿಸಿ, 16 ರಬ್ ಓಡಿಸಿ. ಗೆರೆಗಳು ಎರಡೂ ಕಡೆ ಸಮವಾಗಿ ಹರಡಿ ಶುರುವಾದ ಜಾಗಕ್ಕೇ ಬಂದು ಸೇರಬೇಕು. ಆಕೃತಿಯ ಹೊರ ಅಳತೆ ಎರಡೂ ದಿಕ್ಕಿನಲ್ಲಿ 60.5 ಮಿ.ಮೀ., ಅರ್ಧ ಮಿ.ಮೀ. ಆಚೀಚೆ ಇರಬಹುದು.

ಒಂದು ದಿಕ್ಕಿನಲ್ಲಿ ಅಳತೆ ಕಡಿಮೆ ಬಂದರೆ ಆ ದಿಕ್ಕಿಗೆ ನಡೆಸುವ ಡ್ರೈವಿನಲ್ಲಿ ಸವೆತ ಇದೆ. ಅದೇ ಕಾಗದದ ಮೇಲೆ ಇನ್ನೂ 16 ಓಡಿಸಿ. ಎರಡನೇ ಸುತ್ತಿನ ಗೆರೆ ಮೊದಲಿನದರ ಮೇಲೆ ಕೂರದೆ ಪಕ್ಕಕ್ಕೆ ಬಂದರೆ, ಅಥವಾ ಗೆರೆ ಒಂದೊಂದು ಕಡೆ ದಪ್ಪಗಾಗಿ ನಡುಗಿದರೆ, ಬೇರಿಂಗ್ ಅಥವಾ ಪಿನ್ನು ಸಡಿಲವಾಗಿದೆ. ಪಿಲ್ಲಿಂಗ್ (ಬಟ್ಟೆಯ ಮೇಲೆ ನೂಲಿನ ಸಣ್ಣ ಉಂಡೆ ಏಳುವ) ಪರೀಕ್ಷೆಗೂ ಇದೇ ಯಂತ್ರ ಬಳಸುವ ಲ್ಯಾಬ್‌ಗಳು ಒಂದು ವಿಷಯ ನೆನಪಿಡಬೇಕು. ಐಎಸ್‌ಒ 12945-2ರ ಪಿಲ್ಲಿಂಗ್ ಓಟ 24 ಮಿ.ಮೀ. ಮಾತ್ರ. ಪಿನ್ನುಗಳನ್ನು ಆ ಸ್ಥಾನದಿಂದ ವಾಪಸ್ ಬದಲಿಸದೆ ಸವೆತ ಪರೀಕ್ಷೆ ಓಡಿಸಿದರೆ ಅಂಕಿಗೆ ಅರ್ಥವೇ ಇರುವುದಿಲ್ಲ. ಈ ಕಾಗದಗಳನ್ನು ದಿನಾಂಕ ಬರೆದು ಫೈಲ್ ಮಾಡಿ, ವರ್ಷದಿಂದ ವರ್ಷಕ್ಕೆ ಯಂತ್ರ ಹೇಗೆ ಸವೆಯುತ್ತಿದೆ ಅಂತ ಅವುಗಳನ್ನು ಪಕ್ಕ ಪಕ್ಕ ಇಟ್ಟರೆ ಕಾಣುತ್ತದೆ.

ದೋಷ ಕಣ್ಣಿನಲ್ಲೂ ಇರಬಹುದು

ಯಂತ್ರವೂ ಸರಿ, ಬಟ್ಟೆಯೂ ಒಂದೇ, ಆದರೂ ಇಬ್ಬರು ನೋಡಿದರೆ ಎರಡು ಉತ್ತರ. ಇದು ಬಹಳ ಸಾಮಾನ್ಯ. ನೇಯ್ದ ಬಟ್ಟೆಯಲ್ಲಿ ಎರಡು ಬೇರೆ ಬೇರೆ ಎಳೆಗಳು ಪೂರ್ತಿ ತುಂಡಾದರೆ ಪರೀಕ್ಷೆ ಮುಗಿಯಿತು. ನಿಟ್ಟೆಡ್ ಬಟ್ಟೆಯಲ್ಲಿ ಒಂದು ಎಳೆ ತುಂಡಾಗಿ ತೂತು ಕಂಡರೆ ಸಾಕು. ಮಖಮಲ್ಲಿನಂಥ ಬಟ್ಟೆಯಲ್ಲಿ ಮೇಲಿನ ಕೂದಲು ಪೂರ್ತಿ ಉದುರಬೇಕು. ನೇಯದ (ನಾನ್‌ವೋವನ್) ಬಟ್ಟೆಯಲ್ಲಿ 0.5 ಮಿ.ಮೀ.ಗೆ ಕಡಿಮೆಯಿಲ್ಲದ ತೂತು ಬೀಳಬೇಕು. ಓದಲು ಸುಲಭ, ಆದರೆ ಮೇಲೆ ನಾರು ಕೆದರಿದ ಹತ್ತಿ ಬಟ್ಟೆಯಲ್ಲಿ ಎಳೆ ತುಂಡಾಗಿದೆಯೋ ಬರೀ ನಾರು ಎದ್ದಿದೆಯೋ ಅಂತ ಬರಿಗಣ್ಣಿಗೆ ಹೇಳುವುದು ಕಷ್ಟ. ಭೂತಗನ್ನಡಿ ಹಿಡಿಯಿರಿ. ಸೂಜಿಯ ತುದಿಯಿಂದ ಎಳೆಯನ್ನು ಎಬ್ಬಿಸುವುದು ಮಾತ್ರ ಬೇಡ, ಅದರಿಂದಲೇ ಅರೆತುಂಡಾದ ಎಳೆ ಪೂರ್ತಿ ಹರಿಯುತ್ತದೆ. ಎರಡು ನೂಲು ಹೊಸೆದ ಎಳೆಯಲ್ಲಿ ಒಂದು ಹರಿದು ಇನ್ನೊಂದು ಉಳಿದಿದ್ದರೆ ಎಳೆ ಇನ್ನೂ ತುಂಡಾಗಿಲ್ಲ.

ಎಷ್ಟು ರಬ್‌ಗೆ ಒಮ್ಮೆ ನಿಲ್ಲಿಸಿ ನೋಡುತ್ತೀರಿ ಅನ್ನುವುದೂ ಅಂಕಿಯನ್ನು ಬದಲಿಸುತ್ತದೆ. ಒಂದು ಬಟ್ಟೆ ನಿಜವಾಗಿ 21,000ಕ್ಕೆ ಹರಿಯಿತು ಅಂದುಕೊಳ್ಳಿ. ಒಂದು ಲ್ಯಾಬ್ 5,000ಕ್ಕೊಮ್ಮೆ ನೋಡುತ್ತದೆ. ಅದಕ್ಕೆ 20,000ದಲ್ಲಿ ಚೆನ್ನಾಗಿ ಕಂಡದ್ದು 25,000ದಲ್ಲಿ ಹರಿದಿರುತ್ತದೆ. ಇನ್ನೊಂದು 2,000ಕ್ಕೊಮ್ಮೆ ನೋಡುತ್ತದೆ. ಅದಕ್ಕೆ 20,000ದಲ್ಲಿ ಚೆನ್ನಾಗಿತ್ತು, 22,000ದಲ್ಲಿ ಹರಿದಿತ್ತು. ಒಬ್ಬರು ಕೊನೆಯ ಒಳ್ಳೆಯ ಅಂಕಿ ಬರೆದು ಇನ್ನೊಬ್ಬರು ಹರಿದ ಅಂಕಿ ಬರೆದರೆ 20,000 ಮತ್ತು 25,000 ಅಂತ ಎರಡು ವರದಿ ಬರುತ್ತವೆ. ದೋಷ ಯಾವ ಯಂತ್ರದಲ್ಲೂ ಇಲ್ಲ. ಹಾಗಾಗಿ ವರದಿಯಲ್ಲಿ ಎರಡನ್ನೂ ಬರೆಯಿರಿ: ಎಲ್ಲಿಯವರೆಗೆ ಚೆನ್ನಾಗಿತ್ತು, ಎಲ್ಲಿ ಹರಿದದ್ದು ಕಂಡಿತು. ಬಟ್ಟೆ ತೆಳುವಾಗುತ್ತಾ ಬಂದಾಗ ನೋಡುವ ಅಂತರವನ್ನು ಕಡಿಮೆ ಮಾಡಿ.

ತೂಕ ಇಳಿದದ್ದನ್ನು ಅಳೆಯುವಾಗ

ಹರಿಯುವುದನ್ನು ನೋಡುವ ಬದಲು ಉಜ್ಜಿದ ಮೇಲೆ ತುಂಡಿನ ತೂಕ ಎಷ್ಟು ಇಳಿಯಿತು ಅಂತಲೂ ಸವೆತ ಅಳೆಯುತ್ತಾರೆ. ಇಲ್ಲಿ ಒಂದು ಲೆಕ್ಕ ಹಾಕಿದರೆ ಎಲ್ಲ ಅರ್ಥವಾಗುತ್ತದೆ. 38 ಮಿ.ಮೀ. ವ್ಯಾಸದ ತುಂಡಿನ ವಿಸ್ತೀರ್ಣ ಸುಮಾರು 11.3 ಚದರ ಸೆಂ.ಮೀ. ಚದರ ಮೀಟರಿಗೆ 200 ಗ್ರಾಂ ಇರುವ ಬಟ್ಟೆಯಾದರೆ ತುಂಡಿನ ತೂಕ ಸುಮಾರು 227 ಮಿಲಿಗ್ರಾಂ. ಶೇ. 5ರಷ್ಟು ಸವೆದರೆ ಇಳಿಯುವುದು ಬರೀ 11 ಮಿಲಿಗ್ರಾಂ. ಈಗ ಹತ್ತಿ ಬಟ್ಟೆ ಹವೆಯಿಂದ ಶೇ. 1ರಷ್ಟು ತೇವ ಹೀರಿತು ಅಂದುಕೊಳ್ಳಿ, ಅದೇ 2 ಮಿಲಿಗ್ರಾಂಗಿಂತ ಜಾಸ್ತಿ. ನೀವು ಹುಡುಕುತ್ತಿರುವ ಇಳಿಕೆಯ ಐದನೇ ಒಂದು ಭಾಗ ಕೋಣೆಯ ಹವೆಯಲ್ಲೇ ಹೋಯಿತು. ಓಡುತ್ತಿರುವಾಗ ಬಟ್ಟೆ ಬೆಚ್ಚಗಾಗಿ ತೇವ ಬಿಡುತ್ತದೆ, ಆಮೇಲೆ ಮತ್ತೆ ಹೀರುತ್ತದೆ. ತೂಗುವ ಮೊದಲು ಹದಕ್ಕೆ ಬರಲು ಬಿಡದೆ ತಕ್ಕಡಿಗೆ ಹಾಕಿದರೆ ಆ ಅಂಕಿಯನ್ನು ನಂಬುವ ಹಾಗಿಲ್ಲ.

ತೂಕ ಇಳಿಯುವ ಬದಲು ಏರಿದ್ದರೆ ಗಾಬರಿ ಬೇಡ. ಒಂದೋ ತೇವ, ಇಲ್ಲವೇ ಅಬ್ರೇಡೆಂಟಿನ ಉಣ್ಣೆ ನಾರು ತುಂಡಿಗೆ ಅಂಟಿಕೊಂಡಿದೆ. ಮೃದುವಾದ ಬ್ರಷ್‌ನಿಂದ ಎರಡೂ ಬದಿ ಮೆಲ್ಲಗೆ ಸವರಿ ಆಮೇಲೆ ತೂಗಿ. ಪಕ್ಕದಲ್ಲಿ ಉಜ್ಜದ ಒಂದು ತುಂಡು ಇಟ್ಟು ಅದನ್ನೂ ಪ್ರತಿ ಸಲ ತೂಗಿದರೆ ಹವೆಯ ಪಾಲು ಎಷ್ಟು ಅಂತ ನೇರವಾಗಿ ತಿಳಿಯುತ್ತದೆ.

ನೂಲಿನ ಸಣ್ಣ ಉಂಡೆಗಳು ಎದ್ದಾಗ ಏನು ಮಾಡಬೇಕು ಅಂತಲೂ ಕೇಳುತ್ತಾರೆ. ಕತ್ತರಿಸಿ ಮುಂದುವರಿಸಬಹುದು, ಹಾಗೇ ಬಿಟ್ಟೂ ಮುಂದುವರಿಸಬಹುದು. ಯಾವುದು ಮಾಡಿದಿರಿ ಅಂತ ವರದಿಯಲ್ಲಿ ಬರೆಯಬೇಕು, ಹೋಲಿಸುವ ಎಲ್ಲ ಬಟ್ಟೆಗೂ ಒಂದೇ ಕ್ರಮ ಇರಬೇಕು.

ಬೇರೆ ಯಂತ್ರದ ಅಂಕಿ ಜೊತೆ ಹೋಲಿಕೆ ಬೇಡ

ಕೆಲವು ಸಲ ದೋಷವೇ ಇರುವುದಿಲ್ಲ, ಹೋಲಿಕೆಯೇ ತಪ್ಪಾಗಿರುತ್ತದೆ. ಸೋಫಾ ಬಟ್ಟೆಗೆ ಅಮೆರಿಕದಲ್ಲಿ ಬಳಸುವ ವೈಜೆನ್‌ಬೀಕ್ ಯಂತ್ರದಲ್ಲಿ ಬಟ್ಟೆಯನ್ನು ಎಳೆದು ಹಿಡಿದು, ಹತ್ತಿಯ ದಪ್ಪ ಬಟ್ಟೆ ಅಥವಾ ತಂತಿ ಜಾಲರಿ ಹೊದಿಸಿದ ಸಿಲಿಂಡರ್ ಮೇಲೆ ಒಂದೇ ಗೆರೆಯಲ್ಲಿ ಹಿಂದೆ ಮುಂದೆ ಉಜ್ಜುತ್ತಾರೆ, ಹಾಸಿನ ದಿಕ್ಕಿಗೆ ಬೇರೆ, ಹೊಕ್ಕಿನ ದಿಕ್ಕಿಗೆ ಬೇರೆ. ಅಲ್ಲಿ ಲೆಕ್ಕ ಡಬಲ್ ರಬ್‌ನಲ್ಲಿ, ಹೋಗಿ ಬಂದರೆ ಒಂದು. ಅಲ್ಲಿನ ಅಸೋಸಿಯೇಷನ್ ಫಾರ್ ಕಾಂಟ್ರಾಕ್ಟ್ ಟೆಕ್ಸ್‌ಟೈಲ್ಸ್ ಕಡಿಮೆ ಬಳಕೆಯ ಜಾಗಕ್ಕೆ ವೈಜೆನ್‌ಬೀಕಿನಲ್ಲಿ 15,000, ಮಾರ್ಟಿನ್‌ಡೇಲಿನಲ್ಲಿ 20,000, ಜಾಸ್ತಿ ಬಳಕೆಗೆ 30,000 ಮತ್ತು 40,000 ಅಂತ ಮಿತಿ ಇಟ್ಟಿದೆ. ಈ ಜೋಡಿಗಳನ್ನು ನೋಡಿ ಒಂದರಿಂದ ಇನ್ನೊಂದನ್ನು ಗುಣಿಸಿ ತೆಗೆಯುವವರು ಇದ್ದಾರೆ. ಹಾಗೆ ಮಾಡಬೇಡಿ, ಎರಡು ಯಂತ್ರಗಳ ನಡುವೆ ಅಂಥ ಸೂತ್ರ ಇಲ್ಲ. ಟೇಬರ್ ಯಂತ್ರದ ಕಲ್ಲಿನ ಚಕ್ರದ ಅಂಕಿಯಂತೂ ಇನ್ನೂ ದೂರದ ಮಾತು.

ಯಂತ್ರ ಸರಿ ಇದ್ದರೆ ಬಟ್ಟೆಯತ್ತ

ಇಷ್ಟೆಲ್ಲ ನೋಡಿಯೂ ದೋಷ ಸಿಗದಿದ್ದರೆ, ಸ್ವಭಾವ ಗೊತ್ತಿರುವ ಬಟ್ಟೆಯೂ ಮಾಮೂಲಿ ಅಂಕಿಯನ್ನೇ ಕೊಟ್ಟರೆ, ಆಗ ಬಟ್ಟೆ ನಿಜಕ್ಕೂ ಬದಲಾಗಿದೆ. ಇಟ್ಟುಕೊಂಡ ತುಂಡುಗಳನ್ನು ಮತ್ತೆ ತೆಗೆಯಿರಿ, ಯಾವ ಎಳೆ ಹರಿದಿದೆ ನೋಡಿ. ಬರೀ ಹೊಕ್ಕಿನ ಎಳೆಗಳೇ ಹರಿದು ಹಾಸು ಗಟ್ಟಿ ಇದ್ದರೆ ಹೊಕ್ಕಿನ ನೂಲು ಬದಲಾಗಿದೆ, ಅಥವಾ ಹೊಕ್ಕು ಮೊದಲಿಗಿಂತ ಮೇಲೆ ಎದ್ದು ನಿಂತಿದೆ. ಮೇಲೆ ಎದ್ದ ಎಳೆಯೇ ಮೊದಲು ಸವೆಯುವುದು. ಸ್ಯಾಟಿನ್ ನೇಯ್ಗೆಯಲ್ಲಿ ಎಳೆ ಉದ್ದಕ್ಕೆ ಮೇಲೇ ತೇಲುವುದರಿಂದ ಅದು ಬೇಗ ಸಿಕ್ಕಿ ಕಿತ್ತುಬರುತ್ತದೆ.

ಹರಿದ ಎಳೆಯ ತುದಿ ಹೇಗಿದೆ? ನಾರುಗಳು ಉದ್ದುದ್ದ ಜಾರಿ ಬಂದಿದ್ದರೆ ನೂಲಿನ ಹುರಿ (ತಿರುವು) ಕಡಿಮೆಯಾಗಿದೆ, ನಾರು ಸವೆಯುವ ಮೊದಲೇ ಕಳಚಿಕೊಂಡಿದೆ. ಹುರಿ ಅತಿಯಾದರೂ ಒಳ್ಳೆಯದಲ್ಲ, ನೂಲು ಗಟ್ಟಿ ತಂತಿಯಾಗಿ ಉಜ್ಜುವ ಜಾಗ ಕಿರಿದಾಗುತ್ತದೆ. ತುದಿ ಗಿಡ್ಡವಾಗಿ ಪಟಕ್ಕನೆ ಮುರಿದ ಹಾಗಿದ್ದು ಸುತ್ತ ಪುಡಿ ಜಾಸ್ತಿ ಇದ್ದರೆ ನಾರೇ ಪೆಡಸಾಗಿದೆ. ಹತ್ತಿಗೆ ಸುಕ್ಕುಗಟ್ಟದಂತೆ ರೆಸಿನ್ ಫಿನಿಶ್ ಕೊಟ್ಟಾಗ ಹೀಗಾಗುತ್ತದೆ. ಸುಕ್ಕು ಕಡಿಮೆಯಾಗುತ್ತದೆ, ಜೊತೆಗೆ ಸವೆತ ತಡೆಯುವ ಶಕ್ತಿಯೂ ಇಳಿಯುತ್ತದೆ. ಆಗ ಫಿನಿಶ್ ಮಾಡಿದವರನ್ನು ರೆಸಿನ್ ಎಷ್ಟು ಹಾಕಿದಿರಿ, ಎಷ್ಟು ಬಿಸಿಯಲ್ಲಿ ಎಷ್ಟು ಹೊತ್ತು ಬೇಯಿಸಿದಿರಿ ಅಂತ ಕೇಳಿ, ಫಿನಿಶ್ ಕೊಡುವ ಮೊದಲಿನ ಅದೇ ಬಟ್ಟೆಯ ಒಂದು ಮೀಟರ್ ತರಿಸಿ. ಎರಡನ್ನೂ ಒಂದೇ ಯಂತ್ರದಲ್ಲಿ, ಒಂದೇ ಲಾಟಿನ ಅಬ್ರೇಡೆಂಟ್ ಮೇಲೆ, ಒಂದೇ ದಿನ ಓಡಿಸಿ. ಫಿನಿಶ್ ಇಲ್ಲದ್ದು ಹಳೇ ಅಂಕಿಗೆ ಬಂದು ಫಿನಿಶ್ ಇದ್ದದ್ದು ಕೆಳಗೇ ಉಳಿದರೆ ನೇಯುವವರ ಕಡೆ ಬೆರಳು ತೋರಿಸುವ ಹಾಗಿಲ್ಲ. ಎರಡೂ ಕೆಳಗಿದ್ದರೆ ನೂಲಿನ ಲಾಟ್, ಹುರಿಯ ಲೆಕ್ಕ, ಮಿಶ್ರಣದ ಪ್ರಮಾಣ ಕೇಳಿ. ಮೊದಲು ಇದ್ದ ಸ್ವಲ್ಪ ನೈಲಾನನ್ನು ಬಿಟ್ಟು ನೂಲಿಸಿದ್ದಾರಾ, ಹತ್ತಿಯ ಜಾಗದಲ್ಲಿ ವಿಸ್ಕೋಸ್ ಸೇರಿಸಿದ್ದಾರಾ ಅನ್ನುವ ಪ್ರಶ್ನೆಯನ್ನು ಹಳೇ ತುಂಡು, ಹೊಸ ತುಂಡು ಎರಡನ್ನೂ ಎದುರಿಗಿಟ್ಟು ಕೇಳಿ.